ವಿಂಡೋಸ್ 10 ಮುಗಿದ ಮೇಲೆ ಹಳೆ ಲ್ಯಾಪ್‌ಟಾಪ್‌ಗೆ ಯಾವುದು: ವಿಂಡೋಸ್ಸೋ, ಲಿನಕ್ಸೋ?

ಅಕ್ಷರಜೋಡಣೆ:
ಐ5 ಏಳನೇ ಜನರೇಷನ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 11 ಹಾಕೋಕೆ ಹೋದ್ರೆ ಪ್ರೊಸೆಸರ್ ನಡೆಯಲ್ಲ ಅಂತ ಬರತ್ತೆ. ಕೆಲಸ ನುಡಿ (ಕನ್ನಡ ಟೈಪಿಂಗ್), ಟ್ಯಾಲಿ (ಲೆಕ್ಕಪತ್ರ), ಬ್ರೌಸರ್ ಅಷ್ಟೇ. ಆದ್ರೆ ವಿಪರೀತ ನಿಧಾನ. ಒಬ್ರು "ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ" ಅಂತಾರೆ, ಇನ್ನೊಬ್ರು "ಹೊಸದು ತಗೊಳ್ಳಿ" ಅಂತಾರೆ. ಯಾರ ಮಾತು ಕೇಳಲಿ?

ತಿರುಪುಳಿ:
ಇಬ್ರೂ ಡಿಸ್ಕ್ ಕಡೆ ನೋಡಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್ ತೆಗೆದು ನೋಡಿ. ಸುಮ್ಮನಿದ್ದಾಗಲೂ ಡಿಸ್ಕ್ 100% ತೋರಿಸಿದ್ರೆ ನಿಧಾನಕ್ಕೆ ಕಾರಣ ಅದೇ. ಅದರ ಬದಲು 2.5 ಇಂಚಿನ ಸಾಟಾ ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ಲದ ವೇಗದ ಡಿಸ್ಕ್), 512 ಜಿಬಿಯದು ಹಾಕಿಸಿ. ಈ ಜಗಳ ಆಮೇಲೆ.

ಪೆಂಗ್ವಿನ್‌ಪಕ್ಷ:
ಎಸ್‌ಎಸ್‌ಡಿ ಬೇಕು, ನಿಜ. ಆದ್ರೆ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗೀತು. ಮಿಂಟ್‌ಗೆ 4 ಜಿಬಿ ರ‍್ಯಾಮ್ ಸಾಕು. 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಅನ್ನೋ ತಂತ್ರಾಂಶದಿಂದ ಮಿಂಟ್ ಬರೆದು, ಇನ್‌ಸ್ಟಾಲ್ ಮಾಡದೇ ಲೈವ್ ಆಗಿ, ಅಂದ್ರೆ ಪೆನ್‌ಡ್ರೈವ್‌ನಿಂದಲೇ, ಓಡಿಸಿ. ವೈಫೈ, ಸೌಂಡ್, ಮುಚ್ಚಳ ಮುಚ್ಚಿ ತೆಗೆದಾಗ ಎದ್ದೇಳತ್ತಾ, ಈ ಮೂರು ನೋಡ್ಕೊಳ್ಳಿ. ಅಲ್ಲಿ ಕನ್ನಡ ಟೈಪಿಸೋಕೆ ಐಬಸ್ ಜೊತೆ ಎಂ17ಎನ್ ಹಾಕಿದ್ರೆ ನುಡಿಯಲ್ಲಿರೋ ಕೆಜಿಪಿ ಕೀಲಿಮಣೆಯೇ ಸಿಗತ್ತೆ, ನುಡಿಗೆ ಪಳಗಿದ ಬೆರಳಿಗೆ ಹೊಸದೇನೂ ಇಲ್ಲ.

ಕಿಟಕಿ_ಪಕ್ಕ:
ಬೆರಳಿಗೆ ಸರಿ, ಹಳೇ ಫೈಲ್‌ಗಳಿಗೆ? ಅಲ್ಲಿ ಕೆಜಿಪಿಯಲ್ಲಿ ಬರೋದು ಯೂನಿಕೋಡ್ (ಎಲ್ಲ ಕಡೆ ಓದಬಲ್ಲ ಅಕ್ಷರ ಸಂಕೇತ), ಹಳೇ ನುಡಿಯದ್ದು ತನ್ನದೇ ಫಾಂಟ್‌ನ ಸಂಕೇತ. ಹಳೇ ನುಡಿ ಫೈಲ್ ಲಿಬ್ರೆ ಆಫೀಸ್‌ನಲ್ಲಿ ತೆರೆದ್ರೆ, ನುಡಿ ಫಾಂಟ್ ಇಲ್ಲದಿದ್ರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣತ್ತೆ. ಫಾಂಟ್ ಹಾಕಿದ್ರೆ ಓದಬಹುದು, ಯೂನಿಕೋಡ್‌ನಲ್ಲಿ ಹುಡುಕಿದ್ರೆ ಸಿಗಲ್ಲ. ಪರಿವರ್ತಿಸಿದ್ರೆ ಮೊದಲು ಕೆಡೋದು ಅರ್ಕಾವತ್ತು. "ಸೂರ್ಯ" ಬರೆದಾಗ ನುಡಿಯಲ್ಲಿ ಅರ್ಕಾವತ್ತು ಯಕಾರದ ನಂತರ ಕೂರತ್ತೆ, ಯೂನಿಕೋಡ್‌ನಲ್ಲಿ ರೇಫ (ರ್) ಮುಂಚೆ ಬರಬೇಕು. ಧರ್ಮ, ಕಾರ್ಯ, ವರ್ಷ ಇರೋ ಸಾಲುಗಳನ್ನೆಲ್ಲ ಕಣ್ಣಲ್ಲೇ ತಿದ್ದಬೇಕು.
ಟ್ಯಾಲಿ ವಿಂಡೋಸ್‌ಗೇ ಮಾಡಿದ್ದು. ವೈನ್‌ನಲ್ಲಿ (ಲಿನಕ್ಸ್‌ನಲ್ಲಿ ವಿಂಡೋಸ್ ತಂತ್ರಾಂಶ ಓಡಿಸೋ ಸಾಧನ) ಓಡಿಸಿ ಲೆಕ್ಕಪತ್ರ ನಂಬೋದು ಬೇಡ. ಸದ್ಯಕ್ಕೆ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ನಲ್ಲಿ ಇಎಸ್‌ಯುಗೆ (ಬೆಂಬಲ ಮುಗಿದ ಮೇಲಿನ ಹೆಚ್ಚುವರಿ ಅಪ್‌ಡೇಟ್ ಯೋಜನೆ) ಸೇರಿ, 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಬರತ್ತೆ. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು.

ಪೆಂಗ್ವಿನ್‌ಪಕ್ಷ:
ಟ್ಯಾಲಿ ವಿಷಯ ಒಪ್ಪಿದೆ. ಇಎಸ್‌ಯು ಒಂದು ವರ್ಷದ ಮುಂದೂಡಿಕೆ ಅಷ್ಟೇ, ಪರಿಹಾರ ಅಲ್ಲ. ಟ್ಯಾಲಿಗೆ ವಿಂಡೋಸ್, ಇಂಟರ್ನೆಟ್ಟಿಗೆ ಮಿಂಟ್, ಎರಡೂ ಇಟ್ಕೊಳ್ಳಿ.

ತಿರುಪುಳಿ:
ಹಾಗಿದ್ರೆ ಹಳೇ ಡಿಸ್ಕ್ ತೆಗೆಯೋ ಮೊದಲು ಟ್ಯಾಲಿ ಲೈಸೆನ್ಸ್ ಸರೆಂಡರ್ ಮಾಡಿ (ಹಳೇದರಿಂದ ಬಿಡಿಸಿ), ಡೇಟಾ ಬ್ಯಾಕಪ್ ಬೇರೆ ಡ್ರೈವ್‌ಗೆ ಹಾಕಿ. ಎಸ್‌ಎಸ್‌ಡಿಗೆ ವಿಂಡೋಸ್ ಮೊದಲು, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ವಿಂಡೋಸ್ ಭಾಗದಿಂದ 100 ಜಿಬಿ ಶ್ರಿಂಕ್ ಮಾಡಿ, ಖಾಲಿಯಾದ ಜಾಗಕ್ಕೆ ಮಿಂಟ್. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಆನ್ ಇದ್ರೆ ರಿಕವರಿ ಕೀ ಬರೆದಿಟ್ಕೊಂಡೇ ಕೈ ಹಾಕಿ. ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇಲ್ಲದಿದ್ರೆ ವಿಂಡೋಸ್ ಪೂರ್ತಿ ಮುಚ್ಚಲ್ಲ, ಮಿಂಟ್‌ನಿಂದ ಆ ಡ್ರೈವ್‌ಗೆ ಏನೂ ಬರೆಯೋಕಾಗಲ್ಲ. ಮಿಂಟ್‌ನಿಂದ ವಾಪಸ್ ಬಂದಾಗ ವಿಂಡೋಸ್ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸಬಹುದು. ಮದರ್‌ಬೋರ್ಡ್ ಗಡಿಯಾರವನ್ನು ಲಿನಕ್ಸ್ ಯುಟಿಸಿ (ಜಾಗತಿಕ ಸಮಯ) ಅಂತ, ವಿಂಡೋಸ್ ಸ್ಥಳೀಯ ಸಮಯ ಅಂತ ಓದತ್ತೆ. ಮಿಂಟ್‌ನ ಟರ್ಮಿನಲ್‌ನಲ್ಲಿ timedatectl set-local-rtc 1 ಅಂತ ಕೊಡಿ, ಆಗ ಅದೂ ಸ್ಥಳೀಯ ಸಮಯ ಅಂತಲೇ ಓದತ್ತೆ. ಟ್ಯಾಲಿ ವೋಚರ್ ಹಾಕೋ ಮುಂಚೆ ತಾರೀಖು ನೋಡ್ಕೊಳ್ಳಿ.