ಇನ್ಸುಲಿನ್ ಚುಚ್ಚೋ ಜಾಗದಲ್ಲಿ ಗಂಟು, ಏನ್ ಮಾಡೋದು?

ಅಮ್ಮಂಗೆ ದಿನಾ ಎರಡು ಹೊತ್ತು ಇನ್ಸುಲಿನ್, ಹೊಟ್ಟೆ ಎಡಗಡೆ ಒಂದೇ ಕಡೆ ಚುಚ್ಕೋತಾರೆ ಅಲ್ಲಿ ನೋವಾಗಲ್ವಂತೆ, ಈಗ ಗಂಟು ತರ ಆಗಿದೆ ಶುಗರ್ ಬೇರೆ ಏರುಪೇರು.

ಉತ್ತರ 1: ನಾನು ಸ್ಟಾಫ್ ನರ್ಸ್. ನೋವಾಗಲ್ಲ ಅಂತಾನೇ ತುಂಬಾ ಜನ ಅಲ್ಲೇ ಚುಚ್ಕೊಳ್ಳೋದು. ಗಂಟಿರೋ ಕಡೆ ಔಷಧಿ ಸರಿಯಾಗಿ ಹೀರ್ಕೊಳಲ್ಲ, ಆ ಜಾಗ ಬಿಟ್ಬಿಡಿ, ಪ್ರತಿ ಸಲ ಒಂದು ಬೆರಳಗಲ ಪಕ್ಕಕ್ಕೆ ಹೋಗ್ಲಿ, ತೊಡೆನೂ ಆಗತ್ತೆ, ಸೂಜಿ ಮಾತ್ರ ಪ್ರತಿ ಸಲ ಹೊಸದು. ಆದ್ರೆ ಹುಷಾರು, ಹೊಸ ಜಾಗದಲ್ಲಿ ಅದೇ ಡೋಸ್ ಜೋರಾಗಿ ಕೆಲಸ ಮಾಡಿ ಲೋ ಶುಗರ್ ಆಗ್ಬೋದು, ಅದಕ್ಕೇ ಮೊದ್ಲು ಡಾಕ್ಟರ್‌ಗೆ ಹೇಳಿ.

ಉತ್ತರ 2: ಬೆವರು ನಡುಕ ಬಂದು ಶುಗರ್ 70ಕ್ಕಿಂತ ಕಮ್ಮಿ ಇದ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ. ಎಚ್ಚರ ಇಲ್ದಿದ್ರೆ ಬಾಯಿಗೆ ಏನೂ ಹಾಕ್ಬೇಡಿ, 108ಕ್ಕೆ ಫೋನ್ ಮಾಡಿ.