ಆನೆ ತಡೆಯುವ ರೈಲು ಕಂಬಿಗೆ ಅರ್ಜಿಯಲ್ಲಿ ಏನೆಂದು ಬರೆಯಬೇಕು? ಅನುಭವ ಇದ್ದವರು ತಿಳಿಸಿ

ಮಾಲ್ದಾರೆಯ ಬೆಳೆಗಾರ: ನಾವು ಆರು ಮನೆಯವರು ಸೇರಿ ಅರಣ್ಯ ಇಲಾಖೆಗೆ ಅರ್ಜಿ ಕೊಡುತ್ತಿದ್ದೇವೆ. ಆನೆ ಬಾರದಂತೆ ಹಳೆಯ ರೈಲು ಕಂಬಿ ನೆಟ್ಟು ಕಟ್ಟುವ ಬೇಲಿಗೆ ಊರಿನಲ್ಲಿ ಎಲ್ಲರ ಬಾಯಲ್ಲಿರುವ ಹೆಸರು 'ರೈಲ್ವೆ ಬ್ಯಾರಿಕೇಡ್'. ರೈಲೇ ಇಲ್ಲದ ಕೊಡಗಿನಲ್ಲಿ ಈ ಮಾತು ಕೇಳಿದ ಮೈಸೂರಿನ ನಮ್ಮ ಅಳಿಯಂದಿರು ರೈಲ್ವೆ ಗೇಟು ಎಂದೇ ತಿಳಿದಿದ್ದರು. ಬ್ಯಾರಿಕೇಡ್, ಹಳಿ ಬೇಲಿ, ತಡೆಗೋಡೆ, ಇವುಗಳಲ್ಲಿ ಯಾವುದನ್ನು ಬರೆಯುವುದು ಸರಿ?

ಸಿದ್ದಾಪುರದವರು: 'ತಡೆಗೋಡೆ' ಎಂದು ಮಾತ್ರ ಬರೆಯಬೇಡಿ. ಶುದ್ಧ ಕನ್ನಡ ಇರಲಿ ಎಂದು ನಾನು ಹಾಗೆಯೇ ಬರೆದು ಏಳು ತಿಂಗಳು ಕಳೆದುಕೊಂಡೆ. 2018ರ ಭೂಕುಸಿತದ ನಂತರ ನಮ್ಮ ಜಿಲ್ಲೆಯಲ್ಲಿ ತಡೆಗೋಡೆ ಎಂದರೆ ರಸ್ತೆ ಬದಿಯ ಬರೆ, ಅಂದರೆ ಮಣ್ಣಿನ ದಿಬ್ಬ, ಕುಸಿಯದಂತೆ ಕಟ್ಟುವ ಕಾಂಕ್ರೀಟ್ ಗೋಡೆ. ನನ್ನ ಅರ್ಜಿ ರಸ್ತೆ ಕೆಲಸದವರ ಮೇಜಿಗೆ ಹೋಗಿ ಕುಳಿತಿತ್ತು. ಅದನ್ನು ಹುಡುಕಿಕೊಂಡು ನಾಲ್ಕು ಸಲ ಅಲೆದೆ, ಒಂದೊಂದು ಸಲಕ್ಕೂ ಜೀಪಿನ ಬಾಡಿಗೆ 1,400 ರೂಪಾಯಿ. ಅಷ್ಟರಲ್ಲಿ ಆನೆಗಳಿಂದ 62 ರೊಬಸ್ಟಾ ಕಾಫಿ ಗಿಡ, 11 ಅಡಿಕೆ ಮರ, ಕರಿಮೆಣಸು ಹಬ್ಬಿದ್ದ ಎರಡು ಸಿಲ್ವರ್ ಓಕ್, ತೋಟದ ಆಳುಗಳ ಲೈನ್ ಮನೆಯ ನೀರಿನ ಟ್ಯಾಂಕು ಎಲ್ಲ ಹೋದವು.

ಪೊನ್ನಂಪೇಟೆಯ ತೋಟದವರು: ಹೆಸರು ಯಾವುದಾದರೇನು, ಸರ್ಕಾರದ ಕಂಬಿಗೆ ಕಾಯುವುದೇ ತಪ್ಪು. ನಾನು ನಾಲ್ಕು ಎಕರೆಗೆ ಸ್ವಂತ ಹಣ 1,86,000 ರೂಪಾಯಿ ಹಾಕಿ ಸೋಲಾರ್ ಬೇಲಿ ಮಾಡಿಸಿದೆ. ಬ್ಯಾಟರಿ ಎರಡು ಸಲ ಬದಲಾಯಿಸಿದೆ, ಸಲಕ್ಕೆ 9,500. ತಂತಿಗೆ ಬಳ್ಳಿ ತಾಗಿದರೆ ಕರೆಂಟು ನಿಲ್ಲುವುದರಿಂದ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಇಬ್ಬರು ಆಳುಗಳಿಂದ ಕಳೆ ಸವರಿಸುತ್ತೇನೆ. ಆದರೂ ನನ್ನ ಗದ್ದೆಯ ಭತ್ತ ಮೂರು ವರ್ಷದಿಂದ ಮನೆಗೆ ಬರುತ್ತಿದೆ.

ತಿತಿಮತಿಯ ನಿವೃತ್ತ ಶಿಕ್ಷಕ: ನಿಮ್ಮ ತಂತಿಯ ಮೇಲೆ ಆನೆ ಒಂದು ಮರ ಉರುಳಿಸಿದರೆ ಆ ಲೆಕ್ಕವೆಲ್ಲ ಮುಗಿಯಿತು. ನನ್ನ ಸೋಲಾರ್ ಬೇಲಿಗೆ ಆದದ್ದೂ ಅದೇ. ಪ್ರಶ್ನೆ ಪದದ ಬಗ್ಗೆ ಇದೆ, ಅದಕ್ಕೆ ಬನ್ನಿ. 'ರೈಲು ಕಂಬಿ' ನಮ್ಮ ಹಿರಿಯರು ಆಡುತ್ತಿದ್ದ ಮಾತು. ಹಳಿ ಎನ್ನುವುದು ರೈಲು ಓಡುವ ದಾರಿ. ದಾರಿಯಿಂದ ಕಿತ್ತು ತಂದು ನೆಲದಲ್ಲಿ ನೆಟ್ಟು, ಬುಡಕ್ಕೆ ಕಾಂಕ್ರೀಟ್ ಸುರಿದು, ಅಡ್ಡಕ್ಕೂ ಜೋಡಿಸಿದ ಮೇಲೆ ಅದು ಹಳಿಯಾಗಿ ಉಳಿಯುವುದಿಲ್ಲ. ಆದ್ದರಿಂದ 'ಕಂಬಿ ಬೇಲಿ' ಎನ್ನುವುದೇ ಸರಿ.

ಸಿದ್ದಾಪುರದವರು: ಮೇಷ್ಟ್ರೇ, ಕಂಬಿ ಎಂದರೆ ಜನ ಕೇಳುವುದು ಕಂಬಿ ಎಣಿಸುವ ಜೈಲನ್ನು, ಇಲ್ಲವೇ ಮನೆ ಕಟ್ಟುವ ಕಬ್ಬಿಣದ ಸರಳನ್ನು. ಕಿಲೋಮೀಟರಿಗೆ ಕೋಟಿ ರೂಪಾಯಿ ದಾಟುವ ಕೆಲಸವನ್ನು ಅಂಥ ಪದದಲ್ಲಿ ಕೇಳಿದರೆ ತಂತಿ ಬೇಲಿ ಎಂದುಕೊಂಡು ಬದಿಗಿಡುತ್ತಾರೆ. ಕಳೆದುಕೊಂಡವನು ನಾನು, ಪಾಠ ಮಾಡುತ್ತಿರುವವರು ನೀವು.

ತಿತಿಮತಿಯ ನಿವೃತ್ತ ಶಿಕ್ಷಕ: ನಾನೂ ಕಳೆದುಕೊಂಡಿದ್ದೇನೆ, ಸ್ವಾಮಿ. ಅದನ್ನು ಇಲ್ಲಿ ಹರಡಿಲ್ಲ, ಅಷ್ಟೇ. ದಕ್ಷಿಣ ಆಫ್ರಿಕಾದ ಆಡೊ ಆನೆ ಉದ್ಯಾನದಲ್ಲಿ 1954ರಲ್ಲೇ ಟ್ರಾಮ್ ಕಂಬಿ ಮತ್ತು ಲಿಫ್ಟಿನ ಉಕ್ಕಿನ ಹಗ್ಗದಿಂದ ಬೇಲಿ ಕಟ್ಟಿ, ಕಟ್ಟಿಸಿದವರ ಹೆಸರನ್ನೇ ಅದಕ್ಕೆ ಇಟ್ಟುಕೊಂಡರು. ನಮ್ಮ ಬೇಲಿಗೆ ನಮ್ಮದೇ ಒಂದು ಹೆಸರು ಬೇಡವೇ?

ಕುಟ್ಟದ ಕಡೆಯವರು: ಹೆಸರಿನ ಜಗಳದಲ್ಲಿ ಆನೆಯನ್ನು ಮರೆಯಬೇಡಿ. 2018ರ ಡಿಸೆಂಬರಿನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿ ಬಳಿ ಇದನ್ನೇ ದಾಟಲು ಹೋಗಿ ಒಂದು ಸಲಗ ಸಿಕ್ಕಿಕೊಂಡು ಸತ್ತಿತು. ಆ ಚಿತ್ರ ನೋಡಿದ ಮೇಲೆ ನನಗೆ ಅದನ್ನು ಬೇಲಿ ಎನ್ನಲು ಬಾಯಿ ಬರುವುದಿಲ್ಲ.

ಬ್ಯಾರಿಕೇಡ್ ಮುಗಿಯುವ ಮನೆಯವರು: ನಮ್ಮ ಊರಿನಲ್ಲಿ ಈಗ 'ಬ್ಯಾರಿಕೇಡ್ ಒಳಗಿನವರು', 'ಹೊರಗಿನವರು' ಎಂಬ ಮಾತೇ ಹುಟ್ಟಿಕೊಂಡಿದೆ. ಕಾಮಗಾರಿ ನಮ್ಮ ತೋಡಿನ ದಡಕ್ಕೆ ಬಂದು ನಿಂತಿತು. ಮೊದಲು ಊರಿಗೆಲ್ಲ ಹರಡಿ ಬರುತ್ತಿದ್ದ ಹಿಂಡು ಈಗ ಕಂಬಿಯುದ್ದಕ್ಕೂ ನಡೆದು, ಕೊನೆಗೆ ನಮ್ಮ ಅಂಗಳದಲ್ಲಿ ತಿರುಗಿಕೊಳ್ಳುತ್ತದೆ. ಕೊನೆಯ ಕಂಬದಲ್ಲಿ ನನ್ನ ತಲೆಗಿಂತ ಎತ್ತರದವರೆಗೆ ಅವು ಮೈ ಉಜ್ಜಿದ ಕೆಸರು ಒಣಗಿ ನಿಂತಿದೆ, ಅದರಲ್ಲಿ ರೋಮವೂ ಅಂಟಿಕೊಂಡಿದೆ. ಕಚೇರಿಗೆ ಹೋದರೆ 'ನಿಮ್ಮ ಗ್ರಾಮಕ್ಕೆ ಬ್ಯಾರಿಕೇಡ್ ಆಗಿದೆಯಲ್ಲ' ಎನ್ನುತ್ತಾರೆ. ಮಾಲ್ದಾರೆಯವರೇ, ಇಲಾಖೆಯವರು ಆಡುವ 'ರೈಲ್ವೆ ಬ್ಯಾರಿಕೇಡ್' ಎಂಬ ಮಾತನ್ನೇ ಬರೆಯಿರಿ. ಅದರ ಪಕ್ಕದಲ್ಲೇ ಯಾವ ಸರ್ವೆ ನಂಬರಿನಿಂದ ಯಾವ ಸರ್ವೆ ನಂಬರಿನವರೆಗೆ ಎಂದು ಸೇರಿಸಿ, ಆ ಕೊನೆಯ ನಂಬರಿನವರ ಸಹಿಯನ್ನೂ ಹಾಕಿಸಿ.

ಮಾಲ್ದಾರೆಯ ಬೆಳೆಗಾರ: ನಮ್ಮ ಆರು ಮನೆಗಳ ಆಚೆ ಹೊಳೆ ದಡದಲ್ಲಿ ಇನ್ನೂ ಎರಡು ಮನೆಗಳಿವೆ. ಅವರನ್ನು ನಾವು ಕೇಳಿಯೇ ಇರಲಿಲ್ಲ. ನಾಳೆ ಬೆಳಿಗ್ಗೆ ಹೋಗುತ್ತೇನೆ.