ಅಪ್‌ಡೇಟ್: ದೊಡ್ಡಮ್ಮನ ಸಂಧ್ಯಾ ಸುರಕ್ಷಾ ಹಣ ಸಿಕ್ಕಿತು

ದೊಡ್ಡಮ್ಮನಿಗೆ ತಿಂಗಳು ತಿಂಗಳು ಬರುತ್ತಿದ್ದ ₹1,200 ಸಂಧ್ಯಾ ಸುರಕ್ಷಾ ವೃದ್ಧಾಪ್ಯ ಪಿಂಚಣಿ ಇದ್ದಕ್ಕಿದ್ದಂತೆ ನಿಂತಿದೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಹಣ ಸಿಕ್ಕಿತು.

ಪಿಂಚಣಿ ನಿಂತೇ ಇರಲಿಲ್ಲ! ಬೇರೆ ಖಾತೆಗೆ ಹೋಗುತ್ತಿತ್ತು. ನಾಡಕಚೇರಿಯಲ್ಲಿ ವಿಚಾರಿಸಿದಾಗ ಆದೇಶ ಚಾಲ್ತಿಯಲ್ಲೇ ಇದೆ ಎಂದರು. ಆಮೇಲೆ ನಿಮ್ಮಲ್ಲೊಬ್ಬರು ಹೇಳಿದಂತೆ ಮೈ ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್, ಅಂದರೆ ಆಧಾರ್‌ಗೆ ಯಾವ ಬ್ಯಾಂಕ್ ಖಾತೆ ಜೋಡಣೆಯಾಗಿದೆ ಅಂತ ನೋಡಿದೆ. ಅಲ್ಲಿ ಬೇರೆಯೇ ಬ್ಯಾಂಕಿನ ಹೆಸರಿತ್ತು. ಸ್ವಸಹಾಯ ಸಂಘದ ಸಾಲಕ್ಕೆ ಅಂತ ಅಲ್ಲಿ ಹೊಸ ಖಾತೆ ತೆರೆಸಿದ್ದರಂತೆ. ಡಿಬಿಟಿ ಹಣ (ಸರ್ಕಾರ ನೇರವಾಗಿ ಖಾತೆಗೆ ಹಾಕುವ ಹಣ) ಕೊನೆಯದಾಗಿ ಆಧಾರ್ ಸೀಡ್ ಆದ ಖಾತೆಗೇ ಬೀಳುತ್ತದೆ. ಹಳೆ ಪಾಸ್‌ಬುಕ್ಕಿಗೆ ಎಷ್ಟು ಸಲ ಎಂಟ್ರಿ ಹಾಕಿಸಿದರೂ ಅದರಲ್ಲಿ ಏನು ಕಾಣಬೇಕು ಹೇಳಿ?

ಹೊಸ ಬ್ಯಾಂಕಿನಲ್ಲಿ ದೊಡ್ಡಮ್ಮನ ಹೆಬ್ಬೆರಳು ಮೆಷಿನ್ನಿಗೆ ಹತ್ತಲೇ ಇಲ್ಲ. ಜೀವನವಿಡೀ ಕಳೆ ಕಿತ್ತ ಕೈ, ಗೆರೆಗಳೇ ಸವೆದಿವೆ. ಕೌಂಟರಿನ ಹುಡುಗಿ ಒದ್ದೆ ಬಟ್ಟೆಯಲ್ಲಿ ಬೆರಳು ಒರೆಸಿ, ಒಂದೊಂದನ್ನೇ ಇಡಿಸಿದಳು. ಉಂಗುರದ ಬೆರಳಿಗೆ ಹತ್ತಿತು. ಬಾಕಿ ಎಲ್ಲಾ ತಿಂಗಳ ಹಣ ಅಲ್ಲೇ ಇತ್ತು. "ನಾನು ಸತ್ತೆ ಅಂತ ಬರ್ಕೊಂಡಿದ್ದಾರೆ ಅನ್ಕೊಂಡಿದ್ದೆ ಕಣಪ್ಪಾ" ಅಂದರು. ಇಷ್ಟು ದಿನ ಆ ಭಯದಲ್ಲೇ ಮಾತ್ರೆಯನ್ನೂ ಅರ್ಧ ಮಾಡಿ ನುಂಗುತ್ತಿದ್ದರಂತೆ. ಕೇಳಿ ತುಂಬಾ ಸಂಕಟವಾಯ್ತು.

ಹಳೆ ಬ್ಯಾಂಕ್ ಊರಿಗೆ ಹತ್ತಿರ. ಹಾಗಾಗಿ ಅಲ್ಲೇ ಸೀಡಿಂಗ್ ಫಾರಂ ಕೊಟ್ಟು ಮತ್ತೆ ಬದಲಾಯಿಸಿದೆವು. ನಿಮ್ಮ ಮನೆಯ ಹಿರಿಯರ ಪಿಂಚಣಿ ನಿಂತಿದ್ದರೆ ಹೊಸ ಅರ್ಜಿ ಹಾಕುವ ಮೊದಲು ಸೀಡಿಂಗ್ ನೋಡಿ. ಆಧಾರ್‌ಗೆ ಕೊಟ್ಟ ಮೊಬೈಲ್ ಕೈಯಲ್ಲಿರಲಿ, ಒಟಿಪಿ ಅದಕ್ಕೇ ಬರುತ್ತದೆ.